ಕೋಣೆಯೊಳಗೆ ಬೇಸಾಯ: ರೀಲ್ಸ್ ನಂಬೋ ಮುಂಚೆ ಬೆಳಕಿನ ಲೆಕ್ಕ ಹಾಕಿ

'ಜಮೀನು ಬೇಡ, ಹತ್ತು ಬೈ ಹತ್ತು ಅಡಿ ಕೋಣೆ ಸಾಕು, ಎಲ್‌ಇಡಿ ಬೆಳಕಲ್ಲೇ ಸೊಪ್ಪು ಬೆಳೀರಿ' ಅನ್ನೋ ರೀಲ್ಸ್ ನಿಮ್ಮ ಮೊಬೈಲಿಗೂ ಬಂದಿರುತ್ತೆ. ಘಟಪ್ರಭಾ ದಂಡೆಯ ಮಸಗುಪ್ಪಿಯಂಥ ಊರಲ್ಲಿ, ಹೊಳೆ ಹೊಲಕ್ಕೆ ನುಗ್ಗಿದ್ದನ್ನು ಕಂಡ ಯುವಕರಿಗೆ ಇದರ ಮೇಲೆ ಆಸೆ ಹುಟ್ಟೋದು ಸಹಜ. ಆದರೆ ಸಾಲ ಮಾಡೋ ಮುಂಚೆ ಒಂದು ಲೆಕ್ಕ ಗೊತ್ತಿರಲಿ.

ಮೊಬೈಲ್ ಆ್ಯಪ್ ಬೆಳಕನ್ನು ತೋರಿಸೋದು ಲಕ್ಸ್‌ನಲ್ಲಿ. ಅದು ಮನುಷ್ಯರ ಕಣ್ಣಿನ ಅಳತೆ. ಗಿಡಕ್ಕೆ ಬೇಕಾದ ಅಳತೆಯೇ ಬೇರೆ: ಒಂದು ಚದರ ಮೀಟರಿಗೆ, ಒಂದು ಸೆಕೆಂಡಿಗೆ ಎಷ್ಟು ಬೆಳಕಿನ ಕಣ ಬಿತ್ತು ಅನ್ನೋದು. ಇದಕ್ಕೆ ಪಿಪಿಎಫ್‌ಡಿ ಅಂತಾರೆ, ಮೈಕ್ರೋಮೋಲ್‌ನಲ್ಲಿ ಎಣಿಸ್ತಾರೆ.

ಪರಿವರ್ತನೆ ಹೇಗೆ?

ಬಿಸಿಲಾದರೆ ಲಕ್ಸನ್ನು 54ರಿಂದ ಭಾಗಿಸಿ. ಮಧ್ಯಾಹ್ನದ 1 ಲಕ್ಷ ಲಕ್ಸ್ ಅಂದ್ರೆ ಸುಮಾರು 1,850 ಮೈಕ್ರೋಮೋಲ್. ಬಿಳಿ ಎಲ್‌ಇಡಿಗೆ ಅಂದಾಜು 70ರಿಂದ ಭಾಗಿಸಿ. ಕೆಂಪು-ನೀಲಿ ದೀಪಕ್ಕೆ ಈ ಸೂತ್ರ ನಡೆಯಲ್ಲ. ನಮ್ಮ ಕಣ್ಣಿಗೆ ಆ ಬಣ್ಣಗಳು ಮಂಕು, ಹಾಗಾಗಿ ಲಕ್ಸ್ ತೀರಾ ಕಡಿಮೆ ತೋರಿಸುತ್ತೆ.

ಬಂದ ಸಂಖ್ಯೆಯನ್ನು ದೀಪ ಉರಿಯೋ ಗಂಟೆಗಳಿಂದ, ಆಮೇಲೆ 0.0036ರಿಂದ ಗುಣಿಸಿದರೆ ದಿನದ ಒಟ್ಟು ಬೆಳಕು ಮೋಲ್‌ನಲ್ಲಿ ಸಿಗುತ್ತೆ. ಬಿಳಿ ಎಲ್‌ಇಡಿಯ 10,000 ಲಕ್ಸ್ ಕಣ್ಣಿಗೆ ಜಗಮಗ. ಆದರೆ ಅದು 143 ಮೈಕ್ರೋಮೋಲ್ ಅಷ್ಟೇ. 16 ಗಂಟೆ ಉರಿಸಿದರೂ 8 ಮೋಲ್. ಲೆಟ್ಯೂಸ್ ಸೊಪ್ಪು ಚೆನ್ನಾಗಿ ಬರಲು ದಿನಕ್ಕೆ ಸುಮಾರು 14 ಮೋಲ್ ಬೇಕು.

ಬಿಲ್ ಎಷ್ಟು?

ಒಳ್ಳೆ ಎಲ್‌ಇಡಿ ಒಂದು ಜೂಲ್ ವಿದ್ಯುತ್ತಿಗೆ 2.5 ಮೈಕ್ರೋಮೋಲ್ ಕೊಡುತ್ತೆ ಅಂತಿಟ್ಟುಕೊಳ್ಳಿ. 14 ಮೋಲ್‌ಗೆ ಚದರ ಮೀಟರಿಗೆ ದಿನಕ್ಕೆ ಒಂದೂವರೆ ಯೂನಿಟ್ ದಾಟುತ್ತೆ. ಆ ಇಡೀ ಕೋಣೆಗೆ, ಅದೂ ಒಂದೇ ಅಂತಸ್ತಿನ ಬೆಳೆಗೆ, ತಿಂಗಳಿಗೆ 430 ಯೂನಿಟ್ ಮೇಲೆ. ಗೃಹಜ್ಯೋತಿಯ ಮಿತಿ 200 ಯೂನಿಟ್, ಅದೂ ಮನೆಬಳಕೆಗೆ ಮಾತ್ರ. ಎಸಿ, ಫ್ಯಾನ್, ಪಂಪ್ ಖರ್ಚು ಬೇರೆ.

ಇತ್ತ ಹೊರಗೆ ನರ್ಸರಿಯಲ್ಲಿ ಬಿಸಿಲು ಜಾಸ್ತಿ ಆಯ್ತು ಅಂತ ಶೇಡ್‌ನೆಟ್ ಕಟ್ತಾರೆ! 50 ಪರ್ಸೆಂಟ್ ನೆಟ್ ಅಡಿಯಲ್ಲೂ ಮಧ್ಯಾಹ್ನ 900 ಮೈಕ್ರೋಮೋಲ್ ಪುಕ್ಕಟೆ.

ಒಳಾಂಗಣ ಬೇಸಾಯವೇ ಮೋಸ ಅಂತಲ್ಲ. ಮೈಕ್ರೋಗ್ರೀನ್ಸ್, ಅಂಗಾಂಶ ಕೃಷಿ ಸಸಿಗಳಿಗೆ ಕಡಿಮೆ ಬೆಳಕು ಸಾಕು. ಆದರೆ ಮಾರೋರಿಗೆ ಮೂರು ಪ್ರಶ್ನೆ ಕೇಳಿ: ಎಲೆ ಮಟ್ಟದಲ್ಲಿ ಪಿಪಿಎಫ್‌ಡಿ ಎಷ್ಟು? ದಿನಕ್ಕೆ ಎಷ್ಟು ಗಂಟೆ? ತಿಂಗಳಿಗೆ ಎಷ್ಟು ಯೂನಿಟ್? ಉತ್ತರವಾಗಿ ಬರೀ ವ್ಯಾಟು, ಲುಮೆನ್ ಹೇಳಿದರೆ ದುಡ್ಡು ಜೇಬಲ್ಲೇ ಇರಲಿ.