ಹೆಡ್‌ಲೈಟ್ ಮಂದ ಆದ್ರೆ ಮೊದಲು ವೈರು ನೋಡಿ, ಆಮೇಲೆ ಬಲ್ಬು

ನಮ್ಮೂರ ಕಡೆ ಬೇಸಿಗೆ ಸಂಜೆಗಳಲ್ಲಿ ತ್ರೀ ಫೇಸ್ ಕರೆಂಟು ಬಂತು ಅಂತ ಗೊತ್ತಾಗಿದ್ದೇ ತಡ, ಸುತ್ತಮುತ್ತಲಿನ ತೋಟದವರೆಲ್ಲ ಒಟ್ಟಿಗೇ ಪಂಪ್‌ಸೆಟ್ ಚಾಲೂ ಮಾಡೋರು. ಮನೆಯೊಳಗಿನ ಬಲ್ಬು ಕೆಂಪಗಾಗಿ, ಒಳಗಿನ ತಂತಿಯನ್ನು ಬರಿಗಣ್ಣಲ್ಲಿ ನೋಡಬಹುದಾದಷ್ಟು ಮಂದ ಆಗೋದು. ‘ಲೋ ವೋಲ್ಟೇಜು’ ಅಂತ ಹೇಳಿ ಎಲ್ಲರೂ ಸುಮ್ಮನಾಗ್ತಿದ್ದರು. ಆಗ ಯಾರೂ, 60 ವ್ಯಾಟ್ ಬಲ್ಬು ತೆಗೆದು 200 ವ್ಯಾಟ್‌ನದು ಹಾಕೋಣ ಅಂತ ಅಂದಿದ್ದು ನಾನು ಕೇಳಿಲ್ಲ. ತೊಂದರೆ ಇರೋದು ಬಲ್ಬಿನಲ್ಲಲ್ಲ, ಕರೆಂಟು ಬರೋ ದಾರಿಯಲ್ಲಿ ಅಂತ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿತ್ತು.

ಅದೇ ಜನ ಕಾರು ತಗೊಂಡ ಮೇಲೆ ಇದನ್ನು ಯಾಕೆ ಮರೀತೀವೋ! ಹೆಡ್‌ಲೈಟ್ ಸಾಲದು ಅನ್ನಿಸಿದ ಕೂಡಲೇ ನಮಗೆ ಹೊಳೆಯೋದು ಹೆಚ್ಚು ವ್ಯಾಟಿನ ಬಲ್ಬು. ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋದರೆ 100/90, ಇಲ್ಲಿ ಅಮೆರಿಕದಲ್ಲಾದರೆ ಆನ್‌ಲೈನ್‌ನಲ್ಲಿ ಒಂದು ಡಬ್ಬ. ಈ ವಿಷಯ ಈಗ ಬರೆಯೋದಕ್ಕೆ ಕಾರಣ ಅಂಥದ್ದೇ ಒಂದು ಡಬ್ಬ. ಹೋದ ತಿಂಗಳು ಗೆಳೆಯರೊಬ್ಬರು ಅದನ್ನ ಹೊತ್ಕೊಂಡು ನಮ್ಮ ಗರಾಜಿಗೆ ಬಂದಿದ್ದರು. ಮಗಳು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ ಮಾಡ್ತಾಳೆ. ಮನೆಗೆ ಬರೋ ದಾರಿಯಲ್ಲಿ ಹದಿನೈದು ಮೈಲಿ ಬೀದಿದೀಪ ಇಲ್ಲ, ಎರಡೂ ಕಡೆ ಕಾಡು, ಮಳೆಗಾಲ ಮುಗಿದ ಮೇಲೆ ಜಿಂಕೆಗಳ ಓಡಾಟ. ‘ಅಪ್ಪಾ, ರೋಡೇ ಕಾಣಲ್ಲ’ ಅಂತ ಅವಳು ಎರಡು ಸಲ ಹೇಳಿದ್ದಳಂತೆ. ಗಾಡಿ 1990ರ ದಶಕದ ಡಬ್ಬಿಯಾಕಾರದ ಎಸ್‌ಯುವಿ, ಚೌಕದ ಸೀಲ್ಡ್ ಬೀಮ್ ದೀಪದ್ದು.

ಡಬ್ಬದಲ್ಲಿ ಇದ್ದದ್ದು ಎರಡು ಎಚ್4 ಲ್ಯಾಂಪು, 100/90 ವ್ಯಾಟಿನ ಎರಡು ಬಲ್ಬು, ರಿಲೇ ಸಮೇತ ಒಂದು ವೈರಿನ ಕಟ್ಟು. ‘ಒಂದು ಗಂಟೆ ಕೆಲಸ ಅಲ್ವೇನ್ರೀ?’ ಅಂದರು. ಮಧ್ಯಾಹ್ನದ ಊಟಕ್ಕೆ ಇಲ್ಲೇ ಇರಿ ಅಂದೆ.

ಸೀಲ್ಡ್ ಬೀಮ್ ಗೊತ್ತಿಲ್ಲದವರಿಗೆ: ಗಾಜು, ಕನ್ನಡಿ, ಫಿಲಮೆಂಟು ಎಲ್ಲ ಸೇರಿ ಒಂದೇ ದೊಡ್ಡ ಬಲ್ಬು. 1940ರಿಂದ ಅಮೆರಿಕದಲ್ಲಿ ಇದೇ ಕಡ್ಡಾಯವಾಗಿತ್ತು, 1983ರಲ್ಲಿ ಬಲ್ಬು ಬದಲಿಸುವಂಥ ಲ್ಯಾಂಪಿಗೂ ಒಪ್ಪಿಗೆ ಸಿಕ್ಕಿತು. ಈ ಗಾಡಿಯಲ್ಲಿದ್ದದ್ದು ಎಚ್6054, ಹೈ ಬೀಮು 65 ವ್ಯಾಟ್, ಲೋ ಬೀಮು 35. ಸಾಮಾನ್ಯ ಎಚ್4 ಬಲ್ಬಿನ ಲೋ ಬೀಮು 55 ವ್ಯಾಟ್. ಅಂದರೆ 100/90 ಬಿಡಿ, ಕಾನೂನುಬದ್ಧ ಎಚ್4 ಹಾಕಿದರೂ ಹಳೆ ವೈರಿನಲ್ಲಿ ಕರೆಂಟು ಒಂದೂವರೆ ಪಟ್ಟಿಗಿಂತ ಜಾಸ್ತಿ ಆಗುತ್ತೆ. ಬಿಸಿ ಏರೋದು ಕರೆಂಟಿನ ವರ್ಗದ ಲೆಕ್ಕದಲ್ಲಿ, ಹಾಗಾಗಿ ಅದು ಸುಮಾರು ಎರಡೂವರೆ ಪಟ್ಟು. 90 ವ್ಯಾಟ್ ಹಾಕಿದ್ದರೆ ಆರು ಪಟ್ಟು ದಾಟೋದು. ಆ ಬಿಸಿ ಹೋಗೋದು ಡ್ಯಾಶ್‌ಬೋರ್ಡಿನ ಸ್ವಿಚ್ಚಿನ ಹಿಂದಿರೋ ಇಪ್ಪತ್ತೈದು ವರ್ಷ ದಾಟಿದ ಪ್ಲಾಸ್ಟಿಕ್ ಕನೆಕ್ಟರಿಗೆ.

ಬಿಚ್ಚೋಕೆ ಮುಂಚೆ ಅಳೆಯೋಣ ಅಂದೆ. ಇದು ನಾನು ಯಾರಿಗಾದರೂ ಕೊಡೋ ಒಂದೇ ಸಲಹೆ ಅಂತಿಟ್ಟುಕೊಳ್ಳಿ. ಹತ್ತು ಹದಿನೈದು ಡಾಲರಿನ ಮಲ್ಟಿಮೀಟರ್ ಸಾಕು. ಇಂಜಿನ್ ಚಾಲೂ ಮಾಡಿ, ಲೋ ಬೀಮ್ ಹಾಕಿ, ಮೊದಲು ಬ್ಯಾಟರಿಯ ಎರಡು ತುದಿಗೆ ಮೀಟರ್ ಹಿಡಿಯಿರಿ. ಆಮೇಲೆ ದೀಪದ ಹಿಂದಿನ ಪ್ಲಗ್ಗಿನಲ್ಲಿ ಹಿಡಿಯಿರಿ. ಪ್ಲಗ್ಗು ದೀಪಕ್ಕೆ ಸಿಕ್ಕಿಸಿಯೇ ಇರಬೇಕು, ದೀಪ ಉರೀತಿರಬೇಕು. ಪ್ಲಗ್ಗು ಬಿಚ್ಚಿ ಅಳೆದರೆ ಎಂಥಾ ಕೊಳೆತ ವೈರಿನಲ್ಲೂ ಪೂರ್ತಿ ವೋಲ್ಟೇಜು ತೋರಿಸುತ್ತೆ, ಯಾಕಂದ್ರೆ ಕರೆಂಟು ಹರೀತಾನೇ ಇಲ್ಲ. ನಲ್ಲಿ ಮುಚ್ಚಿಟ್ಟು ಪೈಪು ಕಟ್ಟಿಕೊಂಡಿದೆಯಾ ಅಂತ ನೋಡಿದ ಹಾಗೆ.

ನಮ್ಮ ಲೆಕ್ಕ ಹೀಗೆ ಬಂತು: ಬ್ಯಾಟರಿಯಲ್ಲಿ 14.1 ವೋಲ್ಟು, ದೀಪದ ಹತ್ತಿರ 12.3. ಅಷ್ಟೇ ತಾನೇ ವ್ಯತ್ಯಾಸ, 1.8 ವೋಲ್ಟು ಅಂತ ಗೆಳೆಯರು ಭುಜ ಹಾರಿಸಿದರು. ಹ್ಯಾಲೊಜೆನ್ ಬಲ್ಬಿನ ಸ್ವಭಾವ ವಿಚಿತ್ರ ಕಣ್ರೀ. ಅದರ ಬೆಳಕು ವೋಲ್ಟೇಜಿನ ಜೊತೆ ನೇರವಾಗಿ ಇಳಿಯಲ್ಲ, ಸರಿಸುಮಾರು 3.4ನೇ ಘಾತದಲ್ಲಿ ಇಳಿಯುತ್ತೆ. ವೋಲ್ಟೇಜು ನೂರಕ್ಕೆ ಹತ್ತು ಕಮ್ಮಿಯಾದರೆ ಬೆಳಕು ನೂರಕ್ಕೆ ಮೂವತ್ತು ಹೋಯಿತು. ನಮ್ಮ 12.3ರ ಲೆಕ್ಕಕ್ಕೆ ಉಳಿದದ್ದು ನೂರಕ್ಕೆ ಅರವತ್ತಮೂರು. ಆ ಹುಡುಗಿ ಇಷ್ಟು ದಿನ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೆಳಕನ್ನು ವೈರಿನಲ್ಲೇ ಕಳಕೊಂಡು ಗಾಡಿ ಓಡಿಸ್ತಿದ್ದಳು.

ಸ್ವಿಚ್ಚಿನ ಹಿಂದಿನ ಕನೆಕ್ಟರ್ ಎಳೆದು ನೋಡಿದರೆ ಬಿಳಿ ಪ್ಲಾಸ್ಟಿಕ್ಕು ಒಂದು ಪಿನ್ನಿನ ಸುತ್ತ ಕಂದು ಬಣ್ಣಕ್ಕೆ ತಿರುಗಿತ್ತು, ಮೂಲೆ ಸ್ವಲ್ಪ ಕರಗಿತ್ತು. 35 ವ್ಯಾಟಿನ ದೀಪಕ್ಕೇ ಈ ಗತಿ. ಡಬ್ಬದ ಕಿಟ್ಟಿನಲ್ಲಿ ರಿಲೇ ಇದ್ದದ್ದು ಪುಣ್ಯ. ಬರೀ 100/90 ತಂದು ಹಳೆ ಪ್ಲಗ್ಗಿಗೇ ಚುಚ್ಚಿದ್ದರೆ ಆ ಮೂಲೆ ರಾತ್ರಿ ಎರಡು ಗಂಟೆಗೆ, ಕಾಡಿನ ನಡುವೆ ಏನು ಮಾಡ್ತಿತ್ತೋ. ಗೆಳೆಯರು ಆ ಕನೆಕ್ಟರನ್ನ ಕೈಯಲ್ಲಿ ಹಿಡ್ಕೊಂಡು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ರಿಲೇ ಅಂದ್ರೆ ದೊಡ್ಡ ವಿದ್ಯೆ ಏನಲ್ಲ. ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಕಿ ಆರಿಸೋ ಸ್ವಿಚ್ಚು. ತಳದಲ್ಲಿ ನಂಬರ್ ಬರೆದಿರುತ್ತೆ: 85 ಮತ್ತು 86 ಒಳಗಿನ ಸುರುಳಿಯ ಎರಡು ತುದಿ, 30ಕ್ಕೆ ಬ್ಯಾಟರಿಯಿಂದ ಬರೋ ವೈರು, 87ರಿಂದ ದೀಪಕ್ಕೆ ಹೋಗೋ ವೈರು. ಹಳೆ ಹೆಡ್‌ಲೈಟ್ ಪ್ಲಗ್ಗಿನ ವೈರು ಈಗ ದೀಪ ಉರಿಸೋ ಕೆಲಸ ಬಿಟ್ಟು ಆ ಸುರುಳಿಯನ್ನಷ್ಟೇ ಎಬ್ಬಿಸುತ್ತೆ. ಸುರುಳಿ ಕುಡಿಯೋದು 0.2 ಆಂಪಿಯರಿನ ಆಸುಪಾಸು, ಹಾಗಾಗಿ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ನಿವೃತ್ತಿ ಸಿಕ್ಕ ಹಾಗೆ. ಕೆಲವು ರಿಲೇಗಳ ಒಳಗೆ ಡಯೋಡ್ ಇರುತ್ತೆ, ಅಂಥದ್ದಕ್ಕೆ 85, 86 ಅದಲುಬದಲಾದರೆ ಆಗಲ್ಲ. ಮೈಮೇಲಿನ ಚಿತ್ರ ನೋಡಿಕೊಂಡೇ ಹಾಕಿ.

ಕಿಟ್ಟಿನ ವೈರಿಗೆ ಬರ್ತೀನಿ. ಹೊರಗಿಂದ ನೋಡಿದರೆ ಕಿರುಬೆರಳಿನಷ್ಟು ದಪ್ಪ, ಭಾರೀ ಗಟ್ಟಿಮುಟ್ಟು. ತುದಿ ಸೀಳಿ ನೋಡಿದರೆ ಸಿಪ್ಪೆಯೇ ಜಾಸ್ತಿ, ತಿರುಳು ಎಳ್ಳಷ್ಟು. ಎಳೆಯನ್ನು ಚಾಕುವಿನಿಂದ ಕೆರೆದೆ. ಹೊರಗೆ ಕೆಂಪು, ಒಳಗೆ ಬೆಳ್ಳಗೆ. ಅಲ್ಯೂಮಿನಿಯಮ್ಮಿಗೆ ತಾಮ್ರ ಬಳಿದದ್ದು. ಅದೇ ದಪ್ಪದ ಶುದ್ಧ ತಾಮ್ರಕ್ಕೆ ಹೋಲಿಸಿದರೆ ಇದರ ರೋಧ ಒಂದೂವರೆ ಪಟ್ಟಿನಷ್ಟು, ಜೊತೆಗೆ ಕ್ರಿಂಪ್ ಮಾಡಿದ ಜಾಗ ಕಾಲಾಂತರದಲ್ಲಿ ಸಡಿಲ ಆಗುತ್ತೆ. (ತವರ ಬಳಿದ ತಾಮ್ರ ಇದರ ಉಲ್ಟಾ: ಹೊರಗೆ ಬಿಳಿ, ಒಳಗೆ ಕೆಂಪು. ಅದು ಒಳ್ಳೇದು.) ಫ್ಯೂಸು ಬೇರೆ, ಬ್ಯಾಟರಿಯಿಂದ ಮೂರಡಿ ದೂರದಲ್ಲಿ, ರಿಲೇ ಪಕ್ಕ ಇಟ್ಟಿದ್ದ ಮಹಾನುಭಾವ.

ಫ್ಯೂಸು ಇರೋದು ದೀಪ ಕಾಪಾಡೋಕೆ ಅಂತ ಬಹಳ ಜನ ತಿಳ್ಕೊಂಡಿದ್ದಾರೆ. ಅಲ್ಲ, ಅದು ವೈರು ಕಾಪಾಡೋಕೆ. ಬ್ಯಾಟರಿಯಿಂದ ಫ್ಯೂಸಿನ ತನಕ ಇರೋ ವೈರಿಗೆ ಯಾವ ರಕ್ಷಣೆಯೂ ಇಲ್ಲ. ಅದು ಎಲ್ಲಾದರೂ ಸವೆದು ಬಾಡಿಗೆ ತಾಗಿದರೆ ಕಾರಿನ ಬ್ಯಾಟರಿ ನೂರಾರು ಆಂಪಿಯರ್ ಸುರಿಯುತ್ತೆ. ವೈರು ಕ್ಷಣದಲ್ಲಿ ಕೆಂಡ. ಅದಕ್ಕೇ ಫ್ಯೂಸು ಬ್ಯಾಟರಿಯ ಪ್ಲಸ್ಸಿನಿಂದ ಒಂದು ಗೇಣಿನೊಳಗೆ ಇರಬೇಕು. ಹಾಗೇ, ಫ್ಯೂಸು ಪದೇ ಪದೇ ಹೋಗ್ತಿದೆ ಅಂತ ದೊಡ್ಡದು ಹಾಕೋದು ಕಾವಲು ನಾಯಿ ಬೊಗಳ್ತಿದೆ ಅಂತ ಅದರ ಬಾಯಿ ಕಟ್ಟಿದ ಹಾಗೆ.

ಕೊನೆಗೆ ಡಬ್ಬದಿಂದ ಉಳಿಸಿಕೊಂಡದ್ದು ಲ್ಯಾಂಪು ಎರಡು ಮಾತ್ರ, ಅವುಗಳ ಮೇಲೆ ಡಿಒಟಿ ಗುರುತಿತ್ತು. (ಈ ಗುರುತು ಸರಕಾರ ಪರೀಕ್ಷೆ ಮಾಡಿ ಕೊಟ್ಟದ್ದಲ್ಲ, ತಯಾರಕ ತಾನೇ ಹೊಣೆ ಹೊತ್ತು ಹಾಕೋದು.) 100/90 ಬಲ್ಬು ವಾಪಸ್ ಹೋಯಿತು. ಇಲ್ಲಿನ ರಸ್ತೆಗೆ ಅದು ಕಾನೂನುಬದ್ಧ ಅಲ್ಲ, ಮೇಲಾಗಿ ಅದರ ಶಾಖಕ್ಕೆ ಪ್ಲಗ್ಗೂ ಕನ್ನಡಿಯ ಲೇಪವೂ ಬೇಗ ಹಾಳಾಗುತ್ತೆ. ಬದಲಿಗೆ ಒಳ್ಳೆ ಹೆಸರಿನ 60/55.

ವೈರು 14 ಗೇಜಿನ ಶುದ್ಧ ತಾಮ್ರದ್ದು, ಸುಮಾರು 2 ಚದರ ಮಿಲಿಮೀಟರು, ಇಂಜಿನ್ ಬಿಸಿ ತಡೆಯೋ ಇನ್ಸುಲೇಷನ್ ಇರೋದು. ಗೇಜಿನಲ್ಲಿ ನಂಬರು ಚಿಕ್ಕದಾದಷ್ಟೂ ವೈರು ದಪ್ಪ, ಇದು ನೆನಪಿರಲಿ. ಮನೆ ವೈರಿಂಗಿನಲ್ಲಿ ಉಳಿದ ತುಂಡು ಬೇಡವೇ ಬೇಡ. ಎಡಗಡೆ ದೀಪಕ್ಕೆ ಒಂದು 15 ಆಂಪಿಯರ್ ಫ್ಯೂಸು, ಬಲಗಡೆಗೆ ಇನ್ನೊಂದು. ಪ್ರತಿ ಕಡೆ ಲೋ ಬೀಮಿಗೆ ಒಂದು ರಿಲೇ, ಹೈ ಬೀಮಿಗೆ ಒಂದು. ‘ಎರಡೇ ರಿಲೇಯಲ್ಲಿ ಆಗುತ್ತಲ್ರೀ, ನಾಲ್ಕು ಯಾಕೆ?’ ಅಂತ ಗೆಳೆಯರು ಕೇಳಿದರು. ಆಗುತ್ತೆ. ಆದರೆ ಲೋ ಬೀಮಿನ ಒಂದೇ ರಿಲೇ ಕೆಟ್ಟರೆ, ಅಥವಾ ಒಂದೇ ಫ್ಯೂಸು ಹೋದರೆ, ತಿರುವಿನಲ್ಲಿ ಎರಡೂ ದೀಪ ಒಟ್ಟಿಗೆ ಆರುತ್ತೆ. ಹತ್ತು ಡಾಲರು ಉಳಿಸೋಕೆ ಅದು ಬೇಕಾ?

ಕೆಲಸ ಶುರು ಮಾಡೋಕೆ ಮುಂಚೆ ಬ್ಯಾಟರಿಯ ಮೈನಸ್ ತುದಿ ಬಿಚ್ಚಿದೆವು. ಮೊದಲು ಪ್ಲಸ್ಸಿಗೆ ಸ್ಪ್ಯಾನರ್ ಹಾಕಿ ಅದು ಬಾಡಿಗೆ ತಾಗಿದರೆ ಕಿಡಿ ಹಾರುತ್ತೆ, ಮೈನಸ್ ಬಿಚ್ಚಿದ್ದರೆ ತಾಗಿದರೂ ಏನೂ ಆಗಲ್ಲ. ಜೋಡಣೆಗಳನ್ನೆಲ್ಲ ಸರಿಯಾದ ಕ್ರಿಂಪಿಂಗ್ ಇಕ್ಕಳದಲ್ಲೇ ಒತ್ತಿದ್ದು. ಕ್ರಿಂಪ್ ಮಾಡಿದ ಮೇಲೆ ಕೈಯಿಂದ ಜೋರಾಗಿ ಎಳೆದು ನೋಡಬೇಕು, ಬಂದರೆ ಈಗಲೇ ಬರಲಿ. ಸೋಲ್ಡರ್ ಮಾಡಿದರೆ ಇನ್ನೂ ಗಟ್ಟಿ ಅನ್ನೋರಿದ್ದಾರೆ. ಸೀಸ ಎಳೆಗಳ ಒಳಗೆ ಏರಿ ವೈರು ಅಲ್ಲಿ ಕಡ್ಡಿ ಥರ ಆಗುತ್ತೆ, ಗಾಡಿಯ ಅದುರಾಟಕ್ಕೆ ಆ ಅಂಚಿನಲ್ಲೇ ಮುರಿಯುತ್ತೆ. ನನ್ನ ಓಟು ಕ್ರಿಂಪಿಗೆ, ಮೇಲೆ ಶಾಖಕ್ಕೆ ಕುಗ್ಗೋ ತೋಳು. ಕಪ್ಪು ಟೇಪು ಸುತ್ತಿದರೆ ಎರಡು ಬೇಸಿಗೆಗೆ ಅಂಟು ಕರಗಿ ಜಾರುತ್ತೆ.

ಅರ್ತ್ ಬಗ್ಗೆ ಯಾರೂ ತಲೆ ಕೆಡಿಸಿಕೊಳ್ಳಲ್ಲ. ಹೋದಷ್ಟೇ ಕರೆಂಟು ವಾಪಸ್ ಬರಬೇಕು ತಾನೇ? ಅದಕ್ಕೂ ಅದೇ 14 ಗೇಜಿನ ವೈರು, ಬಣ್ಣ ಕೆರೆದು ಹೊಳೆಯೋ ತಗಡಿಗೆ, ಹಲ್ಲಿರೋ ವಾಷರ್ ಹಾಕಿ ಬಿಗಿ. ರಿಲೇಗಳನ್ನು ಪಿನ್ನು ಕೆಳಮುಖವಾಗಿ ಕೂರಿಸಿ, ನೀರು ಬಿದ್ದರೂ ಒಳಗೆ ನಿಲ್ಲಲ್ಲ. ತಗಡಿನ ತೂತಿನಲ್ಲಿ ವೈರು ನುಗ್ಗಿಸೋ ಕಡೆ ರಬ್ಬರ್ ಬಳೆ ಇರಲೇಬೇಕು. ಹಳೆ ಪ್ಲಗ್ಗು ಕತ್ತರಿಸಬೇಡಿ, ಅದಕ್ಕೆ ಸಿಕ್ಕಿಸೋ ಗಂಡು ಪ್ಲಗ್ಗು ಸಿಗುತ್ತೆ. ನಾಳೆ ಬೇಡ ಅನ್ನಿಸಿದರೆ ಎಲ್ಲ ಕಿತ್ತು ಮೊದಲಿನ ಹಾಗೆ ಮಾಡಬಹುದು. ಸುಟ್ಟ ಸ್ವಿಚ್ಚನ್ನೂ ಅದರ ಕನೆಕ್ಟರನ್ನೂ ಹೊಸದು ಹಾಕಿದೆವು. ಹೊರೆ ಇಳಿದಿದೆ ಅಂತ ಕರಗಿದ್ದನ್ನ ಹಾಗೇ ಬಿಡೋಕಾಗಲ್ಲ.

ಸಂಜೆ ಹೊತ್ತಿಗೆ ಮತ್ತೆ ಮೀಟರ್ ಹಿಡಿದೆವು. ಬ್ಯಾಟರಿಯಲ್ಲಿ 14.1, ದೀಪದಲ್ಲಿ 13.8. ವ್ಯಾಟು ಏರಿದ್ದು 35ರಿಂದ 55ಕ್ಕೆ, ಸೋರಿಕೆ ಇಳಿದದ್ದು 1.8ರಿಂದ 0.3ಕ್ಕೆ.

ನಿಮ್ಮ ಗಾಡಿಗೂ ಇದನ್ನೇ ಮಾಡಿ ಅಂತ ಹೇಳ್ತಿಲ್ಲ ನಾನು. ಹಳೆಯ ಜಪಾನೀ ಗಾಡಿಗಳಲ್ಲಿ ಎಷ್ಟೋ ಕಡೆ ಸ್ವಿಚ್ಚು ಇರೋದು ಅರ್ತ್ ಬದಿಯಲ್ಲಿ, ಪ್ಲಸ್ಸು ಸದಾ ಬಲ್ಬಿನಲ್ಲೇ ನಿಂತಿರುತ್ತೆ. ಅವಕ್ಕೆ ಈ ಜೋಡಣೆ ಹೊಂದಲ್ಲ. ವೈರಿನ ಬಣ್ಣ ನಂಬದೆ ಮೀಟರ್ ಹಿಡಿದು ಯಾವುದು ಏನು ಅಂತ ಗುರುತು ಹಾಕಿಕೊಳ್ಳಿ. ಇತ್ತೀಚಿನ ಗಾಡಿಗಳಲ್ಲಿ ಕಂಪನಿಯೇ ರಿಲೇ ಹಾಕಿರುತ್ತೆ, ಇಲ್ಲಾ ಕಂಪ್ಯೂಟರೇ ದೀಪವನ್ನು ನಡೆಸುತ್ತೆ. ಅಲ್ಲಿ ಕೈ ಹಾಕಬೇಡಿ. ಕೆನಡಾದ ಓದುಗರು ಇನ್ನೊಂದು ನೋಡ್ಕೋಬೇಕು: ಅಲ್ಲಿ 1989ರ ಡಿಸೆಂಬರ್‌ನಿಂದ ತಯಾರಾದ ಗಾಡಿಗಳಿಗೆಲ್ಲ ಹಗಲು ದೀಪ ಕಡ್ಡಾಯ. ಹೆಡ್‌ಲೈಟನ್ನೇ ಕಮ್ಮಿ ವೋಲ್ಟೇಜಿನಲ್ಲಿ ಉರಿಸಿ ಅದನ್ನು ಮಾಡೋ ಗಾಡಿಗಳಲ್ಲಿ ರಿಲೇ ಹಾಕಿದರೆ ಅದು ಕಟಕಟ ಅಂತ ಬಡ್ಕೊಳ್ಳುತ್ತೆ.

ಎಲ್‌ಇಡಿ ಬಲ್ಬು ಚುಚ್ಚಿದ್ರೆ ಮುಗೀತಲ್ವಾ ಅಂತ ಕೇಳೋರಿಗೆ: ಹ್ಯಾಲೊಜೆನ್ ಲ್ಯಾಂಪಿನ ಕನ್ನಡಿ ಲೆಕ್ಕ ಹಾಕಿರೋದು ಫಿಲಮೆಂಟಿನ ಆಕಾರಕ್ಕೆ, ಜಾಗಕ್ಕೆ. ಎಲ್‌ಇಡಿ ಚಿಪ್ಪಿನ ಆಕಾರ ಬೇರೆ, ಬೆಳಕು ಚೆದುರಿ ಎದುರಿನವನ ಕಣ್ಣಿಗೆ ಹೋಗುತ್ತೆ. ಎಚ್‌ಐಡಿ ಕಿಟ್ಟಿನದೂ ಇದೇ ಕತೆ, ಜೊತೆಗೆ ಹೊತ್ತಿಕೊಳ್ಳೋ ಕ್ಷಣಕ್ಕೆ ಇಪ್ಪತ್ತು ಸಾವಿರ ವೋಲ್ಟಿನ ಹೊಡೆತ. ಅಮೆರಿಕದ ಎಫ್‌ಎಂವಿಎಸ್‌ಎಸ್ 108 ನಿಯಮದ ಪ್ರಕಾರ ಹ್ಯಾಲೊಜೆನ್ ಲ್ಯಾಂಪಿಗೆ ಇವೆರಡೂ ಒಪ್ಪಿತ ಅಲ್ಲ. ಜರ್ಮನಿಯಲ್ಲಿ 2020ರಿಂದ ಕೆಲವು ಎಲ್‌ಇಡಿ ಬಲ್ಬುಗಳಿಗೆ ಒಪ್ಪಿಗೆ ಸಿಕ್ಕಿದೆ, ಅದೂ ಪಟ್ಟಿಯಲ್ಲಿ ಹೆಸರಿರೋ ಗಾಡಿಗಳಿಗೆ ಮಾತ್ರ. ನಮ್ಮ ಕಡೆ ಹೆದ್ದಾರಿಯಲ್ಲಿ ಎದುರಿನ ಗಾಡಿಯ ಬೆಳಕಿಗೆ ಕಣ್ಣು ಕತ್ತಲಾಗಿ, ಬಿಳಿ ಗೆರೆ ಹುಡುಕ್ಕೊಂಡು ಓಡಿಸಿದವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ.

ಅದೇ ಕಾರಣಕ್ಕೆ ದೀಪದ ಕೋನ ಸರಿಮಾಡದೆ ಕೆಲಸ ಮುಗಿಯಲ್ಲ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 25 ಅಡಿ ದೂರ ಗಾಡಿ ನಿಲ್ಲಿಸಿ, ಟಯರಿನ ಗಾಳಿ ನೋಡಿ, ಓಡಿಸೋರನ್ನೇ ಸೀಟಿನಲ್ಲಿ ಕೂರಿಸಿ. ಗೋಡೆಯ ಮೇಲೆ ದೀಪದ ನಡುಮಟ್ಟಕ್ಕೆ ಟೇಪು ಅಂಟಿಸಿ. ಗೆರೆ ಕತ್ತರಿಸಿದ ಹಾಗೆ ಬೆಳಕು ಬೀಳೋ ಎಚ್4 ಲ್ಯಾಂಪಿನಲ್ಲಿ ಲೋ ಬೀಮಿನ ಮೇಲಂಚು ಟೇಪಿಗಿಂತ ಮೂರು ಇಂಚಿನಷ್ಟು ಕೆಳಗಿರಲಿ, ಅದು ನೂರಕ್ಕೆ ಒಂದರ ಇಳಿಜಾರು. ಮಗಳನ್ನ ಕೂರಿಸಿ ಇದನ್ನ ಮಾಡೋಷ್ಟರಲ್ಲಿ ರಾತ್ರಿ ಒಂಬತ್ತಾಗಿತ್ತು, ಎರಡು ಸ್ಕ್ರೂ ತಿರುಗಿಸೋಕೆ ಅಷ್ಟು ಹೊತ್ತು.

ಒಂದು ತಿಂಗಳಾದ ಮೇಲೆ, ಅರ್ಧ ಗಂಟೆ ದೀಪ ಉರಿಸಿ, ಇಂಜಿನ್ ಆರಿಸಿ ಫ್ಯೂಸ್ ಹೋಲ್ಡರ್, ರಿಲೇ ಬುಡ, ಅರ್ತ್ ಬೋಲ್ಟು ಮೂರನ್ನೂ ಮುಟ್ಟಿ ನೋಡಬೇಕು. ಬೆಚ್ಚಗಿದ್ದರೆ ಪರವಾಗಿಲ್ಲ, ಕೈ ಇಡೋಕಾಗದಷ್ಟು ಸುಡ್ತಿದ್ದರೆ ಅಲ್ಲೊಂದು ಜೋಡಣೆ ಸಡಿಲ ಇದೆ. ಅವಳ ಗಾಡಿಯದು ಮೊನ್ನೆ ಭಾನುವಾರ ನೋಡಿದೆ, ಬಲಗಡೆ ಅರ್ತ್ ಬೋಲ್ಟಿಗೆ ಇನ್ನೊಂದು ಕಾಲು ಸುತ್ತು ಬೇಕಿತ್ತು. ಗ್ಲೌ ಬಾಕ್ಸಿನಲ್ಲಿ ಒಂದು ರಿಲೇ, ಎರಡು 15 ಆಂಪಿಯರ್ ಫ್ಯೂಸು ಇಟ್ಟು ಕಳಿಸಿದೀನಿ.