ಮಾನಿಟರ್‌ನ ಬಣ್ಣದೋಷ: ಪತ್ತೆ ಮತ್ತು ಪರಿಹಾರ

ಲೇಬಲ್, ಪೊಟ್ಟಣ, ಕಾರ್ಟನ್, ಬಟ್ಟೆ ಮುಂತಾದವುಗಳ ಬಣ್ಣವನ್ನು ಗಣಕಯಂತ್ರದ ಪರದೆಯ ಮೇಲೆ ನೋಡಿಯೇ ಒಪ್ಪಿಗೆ ನೀಡುವ ರೂಢಿ ಇಂದು ಸಣ್ಣ ಉದ್ದಿಮೆಗಳಲ್ಲಿಯೂ ನೆಲೆಯೂರಿದೆ. ಪರದೆಯ ಮೇಲೆ ಕುಂಕುಮಗೆಂಪಾಗಿ ಕಂಡದ್ದು ಊದುಬತ್ತಿಯ ಪೊಟ್ಟಣದ ಮೇಲೆ ಇಟ್ಟಿಗೆಯ ಬಣ್ಣವಾಗಿ ಅಚ್ಚಾಗಿ ಬಂದಾಗ ತೊಡಕು ಆರಂಭವಾಗುತ್ತದೆ. ಕಳುಹಿಸಿದ ಫೈಲಿನಲ್ಲಿದ್ದಂತೆಯೇ ಮುದ್ರಿಸಲಾಗಿದೆ ಎಂದು ಮುದ್ರಕರು ವಾದಿಸುತ್ತಾರೆ. ಖರೀದಿದಾರರು ಸರಕನ್ನು ಹಿಂದಿರುಗಿಸುತ್ತಾರೆ. ನಷ್ಟವು ನಡುವೆ ಇರುವ ತಯಾರಕರ ಪಾಲಿಗೆ ಬರುತ್ತದೆ. ಇಂತಹ ಅನೇಕ ಪ್ರಸಂಗಗಳಲ್ಲಿ ತಪ್ಪು ಶಾಯಿಯದೂ ಅಲ್ಲ, ಮುದ್ರಣಾಲಯದ್ದೂ ಅಲ್ಲ. ಒಪ್ಪಿಗೆ ನೀಡಿದವರ ಮೇಜಿನ ಮೇಲಿರುವ ಮಾನಿಟರ್‌ನದು. ಹೊಸ ಮಾನಿಟರ್ ಕೊಳ್ಳುವ ಮೊದಲು, ಇತರರನ್ನು ದೂರುವ ಮೊದಲು, ದೋಷದ ಸ್ಥಳವನ್ನು ಕ್ರಮವಾಗಿ ಪತ್ತೆ ಮಾಡುವುದು ಲಾಭದಾಯಕ.

ಬಣ್ಣ ಮೂಡುವ ಬಗೆ

ಪರದೆಯ ಪ್ರತಿಯೊಂದು ಬಿಂದುವೂ ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳ ಮಿಶ್ರಣ. ಸಾಮಾನ್ಯ ಮಾನಿಟರ್‌ಗಳಲ್ಲಿ ಪ್ರತಿ ಬೆಳಕಿಗೂ 256 ಹಂತಗಳಿದ್ದು, ಒಟ್ಟು 1,67,77,216 ಬಣ್ಣಗಳು ಸಾಧ್ಯವಾಗುತ್ತವೆ. ಮೂರೂ ಪೂರ್ಣವಾಗಿ ಬೆಳಗಿದಾಗ ಬಿಳುಪು ಕಾಣುತ್ತದೆ. ಆದ್ದರಿಂದ ಪರೀಕ್ಷೆಗೆ ಬಿಳಿಯ ಖಾಲಿ ಪುಟವೇ ಉತ್ತಮ ಸಾಧನ.

ದೋಷ ಎಲ್ಲಿದೆ?

ಬಿಳಿಯ ಪುಟವನ್ನು ತೆರೆದು, ಮಾನಿಟರ್‌ನ ಗುಂಡಿಯನ್ನು ಒತ್ತಿ ಅದರ ಸ್ವಂತ ಮೆನುವನ್ನು ಪರದೆಗೆ ತರಬೇಕು. ಈ ಮೆನುವನ್ನು ರಚಿಸುವುದು ಗಣಕಯಂತ್ರವಲ್ಲ, ಮಾನಿಟರ್. ಪುಟದ ಬಣ್ಣ ಕೆಟ್ಟಿದ್ದು ಮೆನು ಸರಿಯಾಗಿ ಕಂಡರೆ ಕೇಬಲ್, ಗಣಕಯಂತ್ರ ಅಥವಾ ಸೆಟ್ಟಿಂಗ್‌ಗಳನ್ನು ಶಂಕಿಸಬೇಕು. ಮೆನುವಿನ ಬಣ್ಣವೂ ಕೆಟ್ಟಿದ್ದರೆ ದೋಷವು ಬಹುತೇಕ ಮಾನಿಟರ್‌ನೊಳಗೇ ಇದೆ. ಅದೇ ಮಾನಿಟರನ್ನು ಮತ್ತೊಂದು ಗಣಕಯಂತ್ರಕ್ಕೆ ಜೋಡಿಸಿ ನೋಡಿದರೆ ಸಂಶಯ ನಿವಾರಣೆಯಾಗುತ್ತದೆ.

ಕೇಬಲ್‌ನ ತಪಾಸಣೆ

ಅನೇಕ ಕಚೇರಿಗಳಲ್ಲಿ ಇನ್ನೂ ಬಳಕೆಯಲ್ಲಿರುವ 15 ಪಿನ್ನುಗಳ ವಿಜಿಎ ಕೇಬಲ್‌ನಲ್ಲಿ ಮೂರು ಬಣ್ಣಗಳಿಗೂ ಪ್ರತ್ಯೇಕ ತಂತಿಗಳಿವೆ. ಒಂದು ತಂತಿ ತುಂಡಾದರೆ ಅಥವಾ ಒಂದು ಪಿನ್ನು ಬಾಗಿದರೆ ಆ ಬಣ್ಣವೇ ಮಾಯವಾಗುತ್ತದೆ. ಅದನ್ನು ಬಿಳಿಯ ಪುಟವೇ ತಿಳಿಸುತ್ತದೆ:

1. ಪುಟ ಹಸಿರುಮಿಶ್ರಿತ ನೀಲಿಯಾಗಿ ಕಂಡರೆ ಕೆಂಪು ಬರುತ್ತಿಲ್ಲ.
2. ನೇರಳೆಮಿಶ್ರಿತ ಗುಲಾಬಿಯಾಗಿ ಕಂಡರೆ ಹಸಿರು ಬರುತ್ತಿಲ್ಲ.
3. ಹಳದಿಯಾಗಿ ಕಂಡರೆ ನೀಲಿ ಬರುತ್ತಿಲ್ಲ.

ಕೇಬಲನ್ನು ಕಳಚಿ, ಪಿನ್ನುಗಳನ್ನು ಪರೀಕ್ಷಿಸಿ, ಭದ್ರವಾಗಿ ಜೋಡಿಸಿ ತಿರುಪನ್ನು ಬಿಗಿಗೊಳಿಸಬೇಕು. ಆಗಲೂ ಸರಿಯಾಗದಿದ್ದರೆ ಬೇರೆ ಕೇಬಲ್ ಹಾಕಿ ನೋಡಬೇಕು. ಎಚ್‌ಡಿಎಂಐ ಜೋಡಣೆಯಲ್ಲಿ ಕಪ್ಪು ಬೂದುಬಣ್ಣವಾಗಿ, ಚಿತ್ರವೆಲ್ಲ ಪೇಲವವಾಗಿ ಕಂಡರೆ ಕಾರಣ ಸಾಮಾನ್ಯವಾಗಿ ಬೇರೆ. ಗಣಕಯಂತ್ರವು ಟಿವಿಗೆ ಕಳುಹಿಸುವಂತೆ 16ರಿಂದ 235ರವರೆಗಿನ ಹಂತಗಳನ್ನು ಮಾತ್ರ ಕಳುಹಿಸುತ್ತಿದ್ದು, ಮಾನಿಟರ್ 0ರಿಂದ 255ರವರೆಗೆ ನಿರೀಕ್ಷಿಸುತ್ತಿರುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ ಪೂರ್ಣ ವ್ಯಾಪ್ತಿಯನ್ನು ಆಯ್ದುಕೊಂಡರೆ ಸಾಕು.

ಸೆಟ್ಟಿಂಗ್‌ಗಳು

ಸಂಜೆಯಾದೊಡನೆ ಪರದೆ ಹಳದಿಗೆ ತಿರುಗಿದರೆ ಅದು ದೋಷವಲ್ಲ. ಕಣ್ಣಿನ ಹಿತಕ್ಕೆಂದು 2017ರಲ್ಲಿ ವಿಂಡೋಸ್ 10ಕ್ಕೆ ಸೇರಿಸಲಾದ ನೈಟ್ ಲೈಟ್ ಸೌಲಭ್ಯವು ನೀಲಿ ಬೆಳಕನ್ನು ತಗ್ಗಿಸುತ್ತದೆ. ಬಣ್ಣಗಳನ್ನು ಪರಿಶೀಲಿಸುವಾಗ ಅದನ್ನು ನಿಲ್ಲಿಸತಕ್ಕದ್ದು. ಪರದೆ ಇದ್ದಕ್ಕಿದ್ದಂತೆ ಕಪ್ಪುಬಿಳುಪಾದರೆ ಕಲರ್ ಫಿಲ್ಟರ್ ಆಯ್ಕೆಯನ್ನು ಪರಿಶೀಲಿಸಬೇಕು. ಮಾನಿಟರ್‌ನಲ್ಲಿ ಸಿನಿಮಾ, ಆಟ ಇತ್ಯಾದಿಗಳಿಗೆಂದು ಇರುವ ವಿಧಾನಗಳು ಬಣ್ಣಗಳನ್ನು ಉತ್ಪ್ರೇಕ್ಷಿಸುತ್ತವೆ. ಅವುಗಳ ಬದಲು ಎಸ್‌ಆರ್‌ಜಿಬಿ ವಿಧಾನವನ್ನು ಬಳಸುವುದು ಕ್ಷೇಮಕರ. ಬೇರೆ ಮಾದರಿಯ ಮಾನಿಟರ್‌ಗೆ ಸೇರಿದ ಬಣ್ಣದ ಪ್ರೊಫೈಲ್ ಗಣಕಯಂತ್ರದಲ್ಲಿ ಉಳಿದಿದ್ದರೆ ಅದನ್ನು ತೆಗೆದುಹಾಕಬೇಕು.

ಹಳೆಯ ಮಾನಿಟರ್

ಹಿಂಬದಿಯಲ್ಲಿ ಫ್ಲೋರೊಸೆಂಟ್ ಕೊಳವೆಗಳಿರುವ ಹಳೆಯ ಎಲ್‌ಸಿಡಿಗಳು ವರ್ಷಗಳು ಕಳೆದಂತೆ ಮಂದವಾಗಿ ಹಳದಿಗೆ ತಿರುಗುತ್ತವೆ. ಅಗ್ಗದ ಟಿಎನ್ ಪರದೆಗಳಲ್ಲಿ ನೋಡುವ ಕೋನ ಬದಲಾದಂತೆ ಬಣ್ಣವೂ ಬದಲಾಗುತ್ತದೆ. ವಿನ್ಯಾಸಗಳಿಗೆ ಒಪ್ಪಿಗೆ ನೀಡುವ ಮೇಜಿಗೆ ಐಪಿಎಸ್ ಪರದೆಯೇ ಸೂಕ್ತ. ಅದನ್ನೂ ಹೊತ್ತಿಸಿ ಸುಮಾರು ಅರ್ಧ ಗಂಟೆಯ ನಂತರ ಬಣ್ಣವನ್ನು ನಿರ್ಣಯಿಸುವುದು ಒಳಿತು.

ಸರಿಯಾದ ಪರದೆಗೂ ಮಿತಿಯಿದೆ

ಪರದೆಯು ಬೆಳಕನ್ನು ಸೂಸುತ್ತದೆ. ಮುದ್ರಿತ ಕಾಗದ ತನ್ನ ಮೇಲೆ ಬಿದ್ದ ಬೆಳಕನ್ನು ಪ್ರತಿಫಲಿಸುತ್ತದೆ. ಪರದೆಯ ಮೇಲೆ ಹೊಳೆಯುವ ಕೆಲವು ಹಸಿರು, ನೀಲಿ ಮತ್ತು ಕಿತ್ತಳೆ ಬಣ್ಣಗಳನ್ನು ನಾಲ್ಕು ಶಾಯಿಗಳ ಸಾಮಾನ್ಯ ಮುದ್ರಣದಲ್ಲಿ ತರಲು ಸಾಧ್ಯವೇ ಇಲ್ಲ. ನೋಡುವ ಜಾಗದ ದೀಪವೂ ಬಣ್ಣವನ್ನು ಬದಲಿಸುತ್ತದೆ. ಟ್ಯೂಬ್‌ಲೈಟಿನಡಿ ಒಂದೇ ಎನಿಸಿದ ಎರಡು ತುಂಡು ಬಟ್ಟೆಗಳು ಹಗಲಿನಲ್ಲಿ ಬೇರೆಯಾಗಿ ಕಾಣಬಹುದು. ಈ ಕಾರಣಕ್ಕಾಗಿಯೇ ಮುದ್ರಣಗಳ ಪರಿಶೀಲನೆಗೆ ಐಎಸ್‌ಒ 3664 ಮಾನಕವು ಸುಮಾರು 5000 ಕೆಲ್ವಿನ್‌ನ ನಿರ್ದಿಷ್ಟ ಬೆಳಕನ್ನು ವಿಧಿಸಿದೆ.

ಒಪ್ಪಂದದಲ್ಲಿ ಮಾದರಿ

ಆದ್ದರಿಂದ ಪರದೆಯ ಬಣ್ಣವನ್ನು ವಿನ್ಯಾಸದ ಅಂದಾಜಿಗೆ ಮಾತ್ರ ಬಳಸಿ, ವ್ಯವಹಾರವನ್ನು ಕೈಯಲ್ಲಿ ಹಿಡಿಯಬಹುದಾದ ಮಾದರಿಯ ಮೇಲೆ ನಿಲ್ಲಿಸಬೇಕು. ಮುದ್ರಣಕ್ಕಾದರೆ ಪ್ಯಾಂಟೋನ್ ಸಂಖ್ಯೆ ಅಥವಾ ಸಹಿ ಮಾಡಿದ ಪ್ರೂಫ್, ಬಟ್ಟೆಗಾದರೆ ಬಣ್ಣ ಹಾಕಿದ ತುಂಡು. ಉಭಯರೂ ದಿನಾಂಕ ಸಹಿತ ಸಹಿ ಮಾಡಿ, ಬಿಸಿಲು ತಾಗದಂತೆ ಒಂದೊಂದು ಪ್ರತಿಯನ್ನು ಕಾದಿರಿಸಬೇಕು. ಸರಕು ಮಾರಾಟ ಅಧಿನಿಯಮ, 1930ರ 17ನೇ ಪ್ರಕರಣದಂತೆ, ಮಾದರಿಯ ಮೇರೆಗೆ ನಡೆದ ಮಾರಾಟದಲ್ಲಿ ಒಟ್ಟು ಸರಕು ಗುಣದಲ್ಲಿ ಮಾದರಿಗೆ ಹೊಂದಿರಬೇಕು. ಹೋಲಿಸಿ ನೋಡಲು ಖರೀದಿದಾರರಿಗೆ ಯುಕ್ತ ಅವಕಾಶವೂ ಇರಬೇಕು. ಈ ರಕ್ಷಣೆ ದೊರೆಯಬೇಕಾದರೆ ಆದೇಶ ಪತ್ರದಲ್ಲಿಯೇ ಮಾದರಿಯ ಉಲ್ಲೇಖವಿರುವುದು ಅವಶ್ಯ. ಪ್ರತಿಯೊಂದು ಮಾನಿಟರ್‌ನಲ್ಲಿಯೂ ಬೇರೆಯಾಗಿ ಕಾಣುವ ಬಣ್ಣ ವಿವಾದದಲ್ಲಿ ಸಾಕ್ಷಿಯಾಗಿ ನಿಲ್ಲಲಾರದು. ಸಹಿ ಮಾಡಿದ ತುಂಡು ನಿಲ್ಲುತ್ತದೆ.