ಎರಡನೆಯ ಕೀಲಿ ಯಾರ ಕೈಯಲ್ಲಿ?

ನವರಂಗಪುರದ ಸಿ.ಜಿ. ರಸ್ತೆಯ ಬ್ಯಾಂಕಿನಲ್ಲಿ ಲಾಕರ್ ಇಟ್ಟವರಿಗೆ ಗೊತ್ತು: ಮೊದಲು ಅಧಿಕಾರಿ ತನ್ನ ಕೀಲಿ ತಿರುಗಿಸಬೇಕು, ಆಮೇಲೆ ನಾವು ನಮ್ಮದನ್ನು. ಒಬ್ಬರೇ ಹೋದರೆ ಬಾಗಿಲು ತೆರೆಯದು. ಆದರೆ ನಮ್ಮ ಎಟಿಎಂ ಪಿನ್ ಕಾಯುವ ಕೀಲಿ ಕಣ್ಣಿಗೆ ಕಾಣದು. ಅದೊಂದು ಉದ್ದನೆಯ ಸಂಖ್ಯೆ, ಇರುವುದು ಕಂಪ್ಯೂಟರಿನಲ್ಲಿ. ಯಾರಾದರೂ ಆ ಯಂತ್ರವನ್ನೇ ಬಿಚ್ಚಿದರೆ?

ಈ ಭಯ ಹುಸಿಯಲ್ಲ. ಕರೆಂಟು ಹೋದರೆ ಮೆಮೊರಿ ಅಳಿಸಿಹೋಗುತ್ತದೆಂದು ನಾವು ನಂಬಿದ್ದೆವು. ಚಿಪ್ಪನ್ನು ತಣ್ಣಗಾಗಿಸಿದರೆ ಅದರಲ್ಲಿದ್ದದ್ದು ನಿಮಿಷಗಟ್ಟಲೆ ಉಳಿಯುತ್ತದೆ, ಕೀಲಿಯನ್ನೂ ಹೊರತೆಗೆಯಬಹುದು ಎಂದು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲಿ ತೋರಿಸಿದರು.

ಮೇನ್‌ಫ್ರೇಮಿನ ಮುಖ್ಯ ಕೀಲಿಯನ್ನು ಮೆಮೊರಿಯಲ್ಲಿಡದೆ ಪ್ರತ್ಯೇಕ ಭದ್ರತಾ ಕಾರ್ಡಿನೊಳಗೆ ಇಡುವ ವ್ಯವಸ್ಥೆ ಅದಕ್ಕೂ ಮೊದಲೇ ಬಂದಿತ್ತು. ಉಳಿದ ಕೀಲಿಗಳು ಹೊರಗಿದ್ದರೂ ಮುಖ್ಯ ಕೀಲಿಯಿಲ್ಲದೆ ಯಾರಿಗೂ ಅರ್ಥವಾಗವು. ಕಾರ್ಡನ್ನು ಕೊರೆದರೆ, ಅತಿಯಾಗಿ ತಂಪು ಮಾಡಿದರೆ, ವೋಲ್ಟೇಜ್ ಏರುಪೇರು ಮಾಡಿದರೆ ಅದು ತನ್ನ ಕೀಲಿಯನ್ನು ತಾನೇ ಅಳಿಸಿಬಿಡುತ್ತದೆ. ಐಬಿಎಂನ 4758 ಎಂಬ ಕಾರ್ಡಿಗೆ ಅಮೆರಿಕ ಸರ್ಕಾರದ ಫಿಪ್ಸ್ ಮಾನದಂಡದ ಅತ್ಯುನ್ನತ 4ನೇ ದರ್ಜೆ ಸಿಕ್ಕಿತ್ತು.

ಹಾಗಾದರೆ ನಿಶ್ಚಿಂತೆಯೇ? 2001ರಲ್ಲಿ ಕೇಂಬ್ರಿಜ್‌ನ ಮೈಕ್ ಬಾಂಡ್ ಮತ್ತು ರಿಚರ್ಡ್ ಕ್ಲೇಟನ್ ಇದೇ ಕಾರ್ಡಿನಿಂದ ಕೀಲಿ ಪಡೆಯುವ ದಾರಿ ತೋರಿಸಿದರು. ಒಂದು ಸ್ಕ್ರೂ ಕೂಡ ಬಿಚ್ಚಲಿಲ್ಲ! ಕೀಲಿಯ ಭಾಗಗಳನ್ನು ಜೋಡಿಸುವ ಅಧಿಕಾರವಿದ್ದ ಒಳಗಿನವನೊಬ್ಬನಿಗೆ ಸುಮಾರು 20 ನಿಮಿಷ ಸಿಕ್ಕರೆ ಸಾಕಿತ್ತು. ಕಾರ್ಡಿನದೇ ಆಜ್ಞೆಗಳನ್ನು ಬಳಸಿ ಮಾಹಿತಿ ಪಡೆದು, ಸುಮಾರು 1000 ಡಾಲರಿನ ಸಲಕರಣೆಯಿಂದ ಒಂದೆರಡು ದಿನಗಳಲ್ಲಿ ಉಳಿದ ಕೆಲಸ ಮುಗಿಸಬಹುದಿತ್ತು. ಐಬಿಎಂ ಆಮೇಲೆ ತಂತ್ರಾಂಶವನ್ನು ಸರಿಪಡಿಸಿತು.

ತಕ್ಕಡಿಯಲ್ಲಿ ಇನ್ನೊಂದು ತೂಕವೂ ಇದೆ. ಬ್ಯಾಟರಿ ತೀರಾ ಸೋತರೂ ಇಂಥ ಕಾರ್ಡು ಕೀಲಿ ಅಳಿಸಿಕೊಳ್ಳಬಹುದು. ಕೀಲಿಯ ಭಾಗಗಳನ್ನು ಬೇರೆಡೆ ಜೋಪಾನ ಮಾಡದಿದ್ದರೆ ಕಳ್ಳನಿಗೂ ಇಲ್ಲ, ಮನೆಯೊಡೆಯನಿಗೂ ಇಲ್ಲ.

ಇದೇ ನವರಂಗಪುರದ ಭೌತ ಸಂಶೋಧನಾ ಪ್ರಯೋಗಾಲಯ ಮತ್ತು ಇಸ್ರೋದ ಬಾಹ್ಯಾಕಾಶ ಅನ್ವಯಿಕ ಕೇಂದ್ರದ ವಿಜ್ಞಾನಿಗಳು 2022ರ ಜನವರಿ 27ರಂದು 300 ಮೀಟರ್ ದೂರಕ್ಕೆ ಗಾಳಿಯಲ್ಲೇ ಕ್ವಾಂಟಂ ಕೀಲಿ ಹಂಚಿ ತೋರಿಸಿದರು. ಹೆಮ್ಮೆಯ ಸಾಧನೆ. ಆದರೆ ದಾರಿಯಲ್ಲಿ ಯಾರೂ ಕದಿಯಲಾಗದ ಕೀಲಿಯೂ ಕೊನೆಗೆ ಒಂದು ಪೆಟ್ಟಿಗೆ ಸೇರಲೇಬೇಕು, ಅದಕ್ಕೊಬ್ಬ ಕಾವಲುಗಾರ ಬೇಕು.

ಡ್ರಿಲ್ ಹಿಡಿದು ಬರುವವನಿಗೆ ಕಾರ್ಡು ಉತ್ತರ ಕೊಡುತ್ತದೆ. ಅನುಮತಿ ಹಿಡಿದು ಬರುವವನಿಗೆ ಉತ್ತರ ನಮ್ಮ ಹಳೆಯ ಲಾಕರ್ ನೀತಿಯೇ: ಕೀಲಿಯ ಭಾಗಗಳು ಇಬ್ಬರ ಬಳಿ ಇರಲಿ, ಎರಡೂ ಒಬ್ಬನ ಕೈಗೆ ಬರದಿರಲಿ. ರಜೆಯ ದಿನ, ರಾತ್ರಿ ಪಾಳಿಯಲ್ಲಿ, “ಇವತ್ತೊಂದು ದಿನ ನೀನೇ ನೋಡ್ಕೋ” ಎಂದು ಸ್ನೇಹಿತನಿಗೆ ನಮ್ಮ ಭಾಗ ಒಪ್ಪಿಸಿದಾಗಲೇ ಬೀಗ ಒಡೆದಂತೆ.